ಗೌಡಸಾನಿಯ ಚಪ್ಪಲಿ, ಅವ್ವನ ಕಾಲು

ಈಜಿಪ್ಟಿನ ಸಮಾಜವನ್ನು ಬೋರ್ಡಿನ ಮೇಲೆ ಬರೆಯುವುದು ಬಹಳ ಸುಲಭ. ಒಂದು ತ್ರಿಕೋನ ಎಳೆದರೆ ಮುಗಿಯಿತು. ತುದಿಗೆ ಫರೋ, ಅವನ ಕೆಳಗೆ ಪೂಜಾರಿಗಳು, ಆಮೇಲೆ ಬರವಣಿಗೆಯವರು, ಸೈನಿಕರು, ಕಸುಬಿನವರು, ಒಕ್ಕಲು ಮಕ್ಕಳು, ತೀರ ತಳಕ್ಕೆ ಗುಲಾಮರು. ಕಲಬುರಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತ ನನ್ನ ಅರ್ಧ ಆಯುಷ್ಯ ಈ ತ್ರಿಕೋನ ಎಳೆಯುವುದರಲ್ಲೇ ಹೋಯಿತು. ಪ್ರತಿ ವರ್ಷ ಯಾವಳಾದರೂ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಕೆಳಗಿನವ್ರು ಯಾಕ ಸುಮ್ಮ ಇದ್ರರಿ?" ಎಂದು ಕೇಳುತ್ತಿದ್ದಳು. ಎಂಥ ಮುದ್ದಾದ ಪ್ರಶ್ನೆ. ನೈಲ್ ನದಿಯ ದಂಡೆಯ ಅನ್ಯಾಯಕ್ಕೆ ನಮ್ಮ ಮಂದಿಯ ಕರುಳು ಚುರುಕ್ ಎನ್ನುತ್ತದೆ. ಆ ಪ್ರಶ್ನೆ ಕೇಳಿದವಳ ಮನೆಯ ಹಿತ್ತಲಲ್ಲಿ ಕೆಲಸದವಳಿಗೆಂದು ಬೇರೆ ಲೋಟ ಮಗುಚಿ ಇಟ್ಟಿರುತ್ತಿದ್ದರು.

ಓದುತ್ತ ಓದುತ್ತ ನನಗೊಂದು ಗೀಳು ಹತ್ತಿತು. ಯಾವ ನಾಗರಿಕತೆಯ ಪಾಠ ಬಂದರೂ ಮೊದಲು ಅದರ ಕಾಲು ನೋಡುವುದು. ಈಜಿಪ್ಟಿನ ಒಬ್ಬ ಹಳೆಯ ರಾಜನ ಚಿತ್ರದಲ್ಲಿ ಅವನ ಹಿಂದೊಬ್ಬ ಆಳು ನಿಂತಿದ್ದಾನೆ, ಅವನ ಉದ್ಯೋಗ ರಾಜನ ಚಪ್ಪಲಿ ಹಿಡಿದುಕೊಳ್ಳುವುದು. ರೋಮಿನ ದೊಡ್ಡ ಮನೆತನದವರಿಗೆ ಕೆಂಪು ಜೋಡು, ಕಂಡಕಂಡವರು ಅದನ್ನು ಮೆಟ್ಟುವಂತಿರಲಿಲ್ಲ. ದಕ್ಷಿಣ ಅಮೆರಿಕದ ಇಂಕಾ ರಾಜನ ಎದುರು ಹೋಗುವವನು ಎಂಥ ಸರದಾರನಾದರೂ ಜೋಡು ಬಿಚ್ಚಿ, ಬೆನ್ನ ಮೇಲೊಂದು ಹೊರೆ ಹೊತ್ತು ಹೋಗಬೇಕಿತ್ತಂತೆ. ಇದನ್ನು ಓದಿದಾಗ ಈ ಪುಣ್ಯಾತ್ಮ ರಾಜನನ್ನು ನಾನು ಎಲ್ಲೋ ಕಂಡಿದ್ದೇನೆ ಅನ್ನಿಸಿತು. ಕಂಡದ್ದು ನಮ್ಮ ಊರು ಕಮಲಾಪುರದಲ್ಲಿ. ಅಲ್ಲಿ ಅವನಿಗೆ ದೇಶಮುಖ ಎನ್ನುತ್ತಿದ್ದರು.

ಕಮಲಾಪುರದ ನಡುವೆ ಜಮೀನ್ದಾರ ದೇಶಮುಖರ ಕೋಟೆಯಂಥ ವಾಡೆ ಇತ್ತು. ಆನೆ ಹೋಗುವಷ್ಟು ಎತ್ತರದ ಬಾಗಿಲು, ಆದರೆ ಆನೆ ಯಾವತ್ತೂ ಬಂದದ್ದಿಲ್ಲ. ಊರಿನ ಗೌಡ ಚಪ್ಪಲಿ ಮೆಟ್ಟಿಕೊಂಡು ವಾಡೆಯ ಮೆಟ್ಟಿಲ ತನಕ ಬರಬಹುದಿತ್ತು. ಒಕ್ಕಲಿಗರು ವಾಡೆ ಕಾಣುತ್ತಲೇ ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ನೇಕಾರರು, ಗಾಣಿಗರು ಓಣಿಯ ತಿರುವಿನಲ್ಲೇ ಬಿಚ್ಚಬೇಕು. ನಾವು ಸಮಗಾರರು, ಚಪ್ಪಲಿ ಹೊಲಿಯುವವರು. ನಮಗೆ ಊರೊಳಗೆ ಎಲ್ಲಿಯೂ ಮೆಟ್ಟುವ ಅಪ್ಪಣೆ ಇರಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಊರ ಹೊರಗಿನ ಗಡಿಕಲ್ಲಿನ ತನಕ ನಡೆದು, ಅಲ್ಲಿ ಮೆಟ್ಟಿಕೊಳ್ಳಬೇಕು. ಬರುವಾಗ ಅದೇ ಕಲ್ಲಿನ ಹತ್ತಿರ ಮತ್ತೆ ಕೈಗೆ. ಇಡೀ ಊರಿನ ಕಾಲಿಗೆ ಚಪ್ಪಲಿ ಮಾಡಿ ಕೊಟ್ಟವನು ನಮ್ಮ ಅಪ್ಪ. ನನ್ನ ಅಪ್ಪನ ಹಿಮ್ಮಡಿ ಮಾತ್ರ ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿರುತ್ತಿತ್ತು.

ಗೌಡಸಾನಿಗೆ, ಅಂದರೆ ಗೌಡನ ಹೆಂಡತಿಗೆ, ಚಪ್ಪಲಿ ಹೊಲಿಯುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಅಪ್ಪ ಅವಳ ಕಾಲು ಮುಟ್ಟುವಂತಿಲ್ಲ, ನೋಡುವಂತೆಯೂ ಇಲ್ಲ. ಕಾಲು ನೋಡದೆ ಚಪ್ಪಲಿ ಆಗಬೇಕು. ಅದಕ್ಕೆ ಹಿರಿಯರು ಬುದ್ಧಿ ಓಡಿಸಿದ್ದರು. ಗೌಡಸಾನಿ ಒಂದು ಜೋಳದ ದಂಟಿನ ಮೇಲೆ ಕಾಲಿಟ್ಟು, ಉದ್ದಕ್ಕೆ ಸರಿಯಾಗಿ ಮುರಿದು, ಕೆಲಸದವಳ ಕೈಯಲ್ಲಿ ನಮ್ಮ ಮನೆಗೆ ಕಳಿಸುತ್ತಿದ್ದಳು. ಕೆಲಸದವಳು ಅದನ್ನು ನಮ್ಮ ಅಂಗಳಕ್ಕೆ ಎಸೆದು ಹೋಗುತ್ತಿದ್ದಳು. ಅಪ್ಪ ಆ ದಂಟಿನ ಅಳತೆಗೆ ಅಟ್ಟೆ ಕತ್ತರಿಸುತ್ತಿದ್ದ.

ದಂಟಿಗೆ ಹೆಬ್ಬೆರಳು ಎಲ್ಲಿರುತ್ತದೆ? ಪಾದ ಎಷ್ಟು ಅಗಲ, ಬಾರು ಎಲ್ಲಿ ಒತ್ತುತ್ತದೆ, ಅದನ್ನೆಲ್ಲ ದಂಟು ಹೇಳುವುದಿಲ್ಲ. ಮೆಟ್ಟಿ ನೋಡಲು ಒಂದು ಜೀವಂತ ಕಾಲು ಬೇಕು. ಅಪ್ಪ ಒಮ್ಮೆ ಆ ದಂಟನ್ನು ಸುಮ್ಮನೆ ಅವ್ವನ ಪಾದಕ್ಕೆ ಹಿಡಿದು ನೋಡಿದ. ಸರಿಯಾಗಿ ಹೊಂದಿತು. ಅವತ್ತಿನಿಂದ ಗೌಡಸಾನಿಯ ಪ್ರತಿ ಜೋಡಿ ಚಪ್ಪಲಿ ಮೊದಲು ಅವ್ವನ ಕಾಲಿಗೆ ಹತ್ತಿ, ನಮ್ಮ ಗುಡಿಸಲಿನೊಳಗೆ ಒಲೆಯಿಂದ ಬಾಗಿಲ ತನಕ ನಡೆದು, ಆಮೇಲೆ ಗೌಡರ ಮನೆಗೆ ಹೋಗುತ್ತಿತ್ತು. "ಕಾಲು ಕೊಡಿಲ್ಲಿ," ಎಂದು ಅಪ್ಪ ಕರೆಯುತ್ತಿದ್ದ. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದು ಮೆಟ್ಟಿ, ನಾಲ್ಕು ಹೆಜ್ಜೆ ಹಾಕಿ, "ಉಂಗುಟ ಬಿಗಿ ಅದ," ಎನ್ನುತ್ತಿದ್ದಳು. ಬೆರಳು ತೂರಿಸುವ ಆ ಬಳೆಯನ್ನು ಅಪ್ಪ ಸಡಿಲಿಸುತ್ತಿದ್ದ. ಇಷ್ಟಾದ ಮೇಲೆ ಗೌಡರ ಮನೆಯವರು ಹೊಸ ಚಪ್ಪಲಿಯ ಮೇಲೆ ಗೋಮೂತ್ರ ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಅಷ್ಟಕ್ಕೆ ಎಲ್ಲ ಶುದ್ಧ. ನಮ್ಮ ಮೈಲಿಗೆ ಎಷ್ಟು ಸಭ್ಯವಾದದ್ದು ನೋಡಿ, ಯಾರಿಗೂ ಗೊತ್ತಿಲ್ಲದಿದ್ದರೆ ಯಾರಿಗೂ ತೊಂದರೆ ಕೊಡುವುದಿಲ್ಲ.

ಒಂದು ವರ್ಷ ಅಪ್ಪನ ಕೈಗೆ ಒಳ್ಳೆಯ ತೊಗಲು ಸಿಕ್ಕಿತು. ಗೌಡಸಾನಿಯ ಜೋಡಿ ಹೊಲಿದು ಮಿಕ್ಕಿದ್ದರಲ್ಲಿ ಅವ್ವನಿಗೂ ಒಂದು ಜೋಡಿ ಹೊಲಿದ. ಅದೇ ಅಳತೆ, ಅದೇ ಕೆಂಪು ಬಾರು, ಅದೇ ಹೊಲಿಗೆ. ಅವ್ವ ಅದನ್ನು ಹಳೆಯ ಕುಬಸದಲ್ಲಿ ಸುತ್ತಿ ಮಾಡಿನ ಗಳಕ್ಕೆ ಕಟ್ಟಿ ಇಟ್ಟಳು. ಊರು ಬಿಟ್ಟು ಹೊರಗೆ ಹೋದರೆ ತಾನೆ ಮೆಟ್ಟುವುದು. ಅವಳು ಹೊರಗೆ ಹೋಗುತ್ತಿದ್ದುದು ಯಾವಾಗಲೋ ಒಮ್ಮೆ, ತಂಗಿಯ ಮನೆಗೆ. ಮರುವರ್ಷ ಅಪ್ಪ ಜ್ವರ ಬಂದು ಸತ್ತುಹೋದ. ಅವನ ತಮ್ಮ, ನನ್ನ ಕಾಕಾ, ಅವನ ತೊಗಲು ಕೊಯ್ಯುವ ರಂಪಿಗೆ, ಉಳಿಗಳನ್ನು ಹಿಡಿದ. ಅವ್ವನಿಗೆ ಅಪ್ಪನ ಕೈಯದು ಅಂತ ಉಳಿದದ್ದು ಆ ಒಂದು ಜೋಡಿ. ಹುಣ್ಣಿಮೆಗೊಮ್ಮೆ ಕೆಳಗಿಳಿಸಿ, ಎಣ್ಣೆ ಸವರಿ, ಮತ್ತೆ ಮೇಲೆ ಕಟ್ಟುತ್ತಿದ್ದಳು.

ಆಮೇಲೆ ಪೊಲೀಸ್ ಆಕ್ಷನ್ ಆಯಿತು, ದಿಲ್ಲಿಯ ಸೈನ್ಯ ಬಂದು ನಮ್ಮ ಕಡೆಯ ನಿಜಾಮನ ಆಳ್ವಿಕೆ ಮುಗಿಯಿತು. ದೇಶಮುಖರು ಗಾಳಿ ಬೀಸುವ ದಿಕ್ಕು ಮೊದಲೇ ಅರಿತು, ಹೆಂಡಿರು ಮಕ್ಕಳು ಪೆಟ್ಟಿಗೆಗಳ ಸಮೇತ ಹೈದರಾಬಾದಿಗೆ ಹೋಗಿ ಕೂತಿದ್ದರು. ವಾಡೆಗೆ ಮೊಳದುದ್ದದ ಬೀಗ. ಕಸ ಹೊಡೆಯುವ ಬಿಟ್ಟಿ ಆಳುಗಳು ನಿಂತು, ಬಾಗಿಲ ಮುಂದೆ ನೆಗ್ಗಿನಮುಳ್ಳು ಬೆಳೆಯಿತು. ಆದರೂ ನಮ್ಮೂರಿನ ಒಕ್ಕಲಿಗರು ವಾಡೆ ಕಂಡೊಡನೆ ಚಪ್ಪಲಿ ಬಿಚ್ಚಿ, ಆ ಮುಳ್ಳಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ದಾಟುತ್ತಿದ್ದರು. ಒಬ್ಬ ಮುದುಕನನ್ನು ನಾನೇ ಕೇಳಿದೆ, "ಮುತ್ಯಾ, ಒಳಗ ಯಾರೂ ಇಲ್ಲಲ್ಲ?" ಅವನು ನನ್ನನ್ನು ಕನಿಕರದಿಂದ ನೋಡಿ, "ಬೀಗ ಅವರ್ದೇ ಅದಲ್ಲವಾ," ಎಂದ. ರೋಮ್ ಸಾಮ್ರಾಜ್ಯ ಬಿದ್ದ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗೆಲ್ಲ ಈ ಮುದುಕ ನೆನಪಾಗುತ್ತಿದ್ದ. ಸಾಮ್ರಾಜ್ಯ ಬೀಳುತ್ತದೆ, ಸರಿ. ಸುದ್ದಿ ಕಾಲಿಗೆ ಮುಟ್ಟಬೇಕಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ಹೊಸ ಸರ್ಕಾರದ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ವಾಡೆಯ ಬೀಗ ತೆಗೆಸಿದರು. ಊರಿನವರೆಲ್ಲ ಮೀಟಿಂಗಿಗೆ ಬರಬೇಕು, ಸಮಗಾರರ ಓಣಿಯವರೂ ಬರಬೇಕು ಎಂದು ಡಂಗುರ ಸಾರಿಸಿದರು. ಅದೇ ದಿನ ಅವ್ವ ನನ್ನನ್ನು ಕಲಬುರಗಿಯ ಶಾಲೆಗೆ ಬಿಡಲು ಹೊರಟಿದ್ದಳು. ಮೀಟಿಂಗ್ ಮುಗಿಸಿ ಹಾಗೇ ಮೋಟಾರು ಹಿಡಿಯುವುದೆಂದು ಗಂಟು, ನಾನು, ಕೈಯಲ್ಲಿ ಚಪ್ಪಲಿ ಎಲ್ಲ ಸಮೇತ ವಾಡೆಗೆ ಬಂದೆವು. ಬಾಗಿಲಲ್ಲಿದ್ದ ಚಪರಾಸಿ, "ಕೈಯಾಗ ಯಾಕ ಹಿಡಕೊಂಡಿ? ಎಲ್ಲಾರ್ದು ಅಲ್ಲೇ ಅದಾವ, ಅಲ್ಲೇ ಇಡು," ಎಂದ. ಅವ್ವ ಹೆದರುತ್ತಲೇ ಆ ರಾಶಿಯ ಅಂಚಿಗೆ ತನ್ನ ಜೋಡಿ ಇಟ್ಟಳು. ಕಮಲಾಪುರದಲ್ಲಿ ಮೊಟ್ಟಮೊದಲು ಸಮಾನತೆ ಪಡೆದದ್ದು ಚಪ್ಪಲಿಗಳು.

ಒಳಗೆ ಜಮಖಾನ ಹಾಸಿದ್ದರು. ಸಾಹೇಬರ ಹೆಂಡತಿ ಬಂದಿದ್ದರಿಂದ ಅವರ ಜೊತೆಗೆಂದು ಗೌಡಸಾನಿಯನ್ನೂ ಕರೆಸಿ ಮುಂದೆ ಕೂರಿಸಿದ್ದರು. ಅವರ ಹಿಂದೆ ಒಕ್ಕಲಿಗರು, ಅವರ ಹಿಂದೆ ನೇಕಾರರು. ನಮ್ಮ ತನಕ ಬರುವಷ್ಟರಲ್ಲಿ ಜಮಖಾನ ಮುಗಿದಿತ್ತು. ಸರ್ಕಾರದ ತಪ್ಪಲ್ಲ, ಜಮಖಾನದ ಉದ್ದವೇ ಅಷ್ಟು. ಸಾಹೇಬರು ಇನ್ನು ಮೇಲೆ ದೊಡ್ಡವರು ಸಣ್ಣವರು ಎಂಬುದಿಲ್ಲ, ಜಾಗೀರು ಹೋಯಿತು, ಬಿಟ್ಟಿ ಹೋಯಿತು, ಎಲ್ಲರೂ ಒಂದೇ ಎಂದು ಬಹಳ ಹೊತ್ತು ಹೇಳಿದರು. ನೆಲದ ಮೇಲೆ ಕೂತ ನಾವು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆವು. ಭಾಷಣ ಮುಗಿದ ಕೂಡಲೇ ಸಾಹೇಬರಿಗೆ ಊಟ ಬಡಿಸಬೇಕೆಂದು ಗೌಡಸಾನಿ ಅವಸರದಲ್ಲಿ ಎದ್ದು ಹೋದಳು. ಎಲ್ಲರೂ ಹೋದ ಮೇಲೆ ನಾವು ಎದ್ದೆವು. ಅವ್ವ ಮಿಕ್ಕಿದ್ದ ಕೆಂಪು ಬಾರಿನ ಜೋಡಿಯನ್ನು ಕೈಗೆತ್ತಿಕೊಂಡು ನಡೆದಳು.

ಗಡಿಕಲ್ಲಿನ ಹತ್ತಿರ ಮೆಟ್ಟಿಕೊಂಡವಳು ಅಲ್ಲೇ ನಿಂತುಬಿಟ್ಟಳು. "ಇವು ನನ್ನವಲ್ಲ," ಎಂದಳು. ಚಪ್ಪಲಿ ಕಾಲಿಗೆ ಮೆತ್ತಗೆ ಕೂತಿತ್ತು, ಮೆಟ್ಟಿ ಮೆಟ್ಟಿ ಪಳಗಿದ ಚಪ್ಪಲಿ. ಅವಳದು ಇನ್ನೂ ಹೊಸದು, ಕಡಿಯುವಂಥದ್ದು. ಯಾರದೆಂದು ಅವಳಿಗೆ ಕೇಳಬೇಕಾಗಿರಲಿಲ್ಲ. ಅವಳೇ ಮೆಟ್ಟಿ ನೋಡಿ ಕಳಿಸಿದ ಜೋಡಿ ಅದು. ಊರ ಕಡೆ ಒಮ್ಮೆ, ಧೂಳೆಬ್ಬಿಸಿ ಬರುತ್ತಿದ್ದ ಮೋಟಾರಿನ ಕಡೆ ಒಮ್ಮೆ ನೋಡಿ ಕಡೆಗೆ ಮೋಟಾರು ಹತ್ತಿದಳು.

ಕಲಬುರಗಿಯಲ್ಲಿ ನಮ್ಮ ಚಿಗವ್ವ, ಅವ್ವನ ತಂಗಿ, ಶಹಾಬಜಾರದ ಒಂದು ಗಲ್ಲಿಯಲ್ಲಿ ಇದ್ದಳು. ಅವಳ ಗಂಡ ಮೋಮಿನಪುರದ ಮೂಲೆಯಲ್ಲಿ ಕೂತು ಜೋಡು ರಿಪೇರಿ ಮಾಡುತ್ತಿದ್ದ. ಆ ದಿನಗಳಲ್ಲಿ ಮೋಮಿನಪುರದ ಎಷ್ಟೋ ಮನೆಗಳ ಬಾಗಿಲು ಮುಚ್ಚಿದ್ದವು. ನಿಜಾಮನ ಗದ್ದುಗೆಯನ್ನು ಕಣ್ಣಿಂದಲೂ ಕಾಣದ ಬಡ ಮುಸಲ್ಮಾನರು ತಮ್ಮ ಜೀವ ಕೊಟ್ಟು ನಿಜಾಮನ ಲೆಕ್ಕ ತೀರಿಸಿದ್ದರು. ಅದರ ಬಗ್ಗೆ ನನಗೆ ಇಂದಿಗೂ ತಮಾಷೆ ಮಾಡಲು ಬಾಯಿ ಬರುವುದಿಲ್ಲ.

ಶಹಾಬಜಾರದಲ್ಲಿ ಅವ್ವನಿಗೆ ಬೇರೆಯೇ ಪೇಚಾಯಿತು. ಅಲ್ಲಿ ಯಾರೂ ಯಾರ ಕಾಲನ್ನೂ ನೋಡುವುದಿಲ್ಲ. ಅವ್ವನಿಗೆ ಮಾತ್ರ ದೊಡ್ಡ ಬಾಗಿಲು ಕಂಡಲ್ಲೆಲ್ಲ ಕೈ ತಾನಾಗಿ ಚಪ್ಪಲಿಗೆ ಹೋಗುತ್ತಿತ್ತು. ಒಂದು ಕಮಾನಿನ ಬಾಗಿಲು ನೋಡಿ, ಯಾರದೋ ವಾಡೆ ಎಂದು ತಿಳಿದು, ಚಪ್ಪಲಿ ಬಿಚ್ಚಿ, ಸೆರಗು ಹೊದ್ದು, ತಲೆ ಬಗ್ಗಿಸಿ ದಾಟಿದಳು. ಒಳಗಿಂದ ಎಮ್ಮೆಯೊಂದು ಕೂಗಿತು. ಅದು ಬಿಡಾಡಿ ದನ ಕೂಡಿಹಾಕುವ ಕೊಂಡವಾಡ. ಚಿಗವ್ವ ನಕ್ಕು ನಕ್ಕು ಗೋಡೆಗೆ ಆತುಕೊಂಡಳು. "ಅಕ್ಕಾ, ಎಮ್ಮಿಗಿ ಯಾಕ ಶರಣ ಮಾಡ್ತಿ? ಅದಕ್ಕ ನಿನ್ನ ಜಾತಿ ಗೊತ್ತಿಲ್ಲ." ಅವ್ವನೂ ನಕ್ಕಳು. ಆದರೆ ಅವತ್ತು ಸಂಜೆ ಆ ಮೆತ್ತನೆಯ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತವಳು, "ಆಕಿ ಅವನ್ನ ಹಾಕ್ಕೊಂಡು ತಿರಗಾಕತ್ತಿರ್ತಾಳ. ಸವದು ಹೋಗ್ತಾವ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಅವ್ವ ನನ್ನನ್ನು ಚಿಗವ್ವನ ಮನೆಯಲ್ಲಿ ಬಿಟ್ಟು ಊರಿಗೆ ಮರಳಿದಳು. ನಾನು ಎಳ್ಳಮಾಸಿ ಹಬ್ಬದ ಸೂಟಿಗೆ ಊರಿಗೆ ಹೋದೆ. ಹಬ್ಬದ ಮರುದಿನ ಗೌಡರ ಮನೆಯ ಕೆಲಸದವಳು ಬಂದು, ಒಂದು ಜೋಡಿ ಚಪ್ಪಲಿಯನ್ನು ನಮ್ಮ ಅಂಗಳಕ್ಕೆ ಎಸೆದಳು. "ಇವು ಭಾಳ ಕಡ್ಯಾಕತ್ಯಾವಂತ. ಮೊದ್ಲು ಹಿಂಗ ಇರಲಿಲ್ಲಂತ. ಎಣ್ಣಿ ಹಾಕಿ ಮೆತ್ತಗ ಮಾಡಿ ಇಡು, ಸಂಜಿಗಿ ಒಯ್ತೀನಿ," ಎಂದು ಕಾಕಾನಿಗೆ ಹೇಳಿ ಹೋದಳು. ಅವು ಅವ್ವನ ಚಪ್ಪಲಿ. ಅಟ್ಟೆಯ ಅಂಚು ಸ್ವಲ್ಪ ಸವೆದಿತ್ತು. ಅವ್ವ ಅವುಗಳನ್ನು ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದಳು.

ಕಾಕಾನಿಗೆ ದೇವರೇ ದಾರಿ ತೋರಿಸಿದ ಹಾಗೆ ಆಯಿತು. "ವೈನಿ, ಸುಮ್ಮ ಬದ್ಲಿ ಮಾಡಿ ಕಳಸೂಣು. ಆಕಿದು ಆಕಿಗಿ, ನಿಮ್ದು ನಿಮಗ. ಒಂದ್ ಹುಳಕ್ಕೂ ಗೊತ್ತಾಗಂಗಿಲ್ಲ," ಎಂದು ಅತ್ತಿಗೆಗೆ ಹೇಳಿದ.

ಅವ್ವ ಎರಡೂ ಜೋಡಿಗಳನ್ನು ಮಗ್ಗುಲಿಗೆ ಮಗ್ಗುಲು ಇಟ್ಟು ನೋಡಿದಳು. ಆಮೇಲೆ, "ನನ್ನ ಚಪ್ಪಲಿ ನಾ ಕದ್ದು ತಗೊಳ್ಳಾಕಾ?" ಎಂದಳು.

"ಕದಿಯೂದು ಎಲ್ಲಿ ಬಂತು ಇದ್ರಾಗ?"

"ಗೊತ್ತಾಗಧಂಗ ತಗೊಂಡ್ರ ಅದಕ್ಕ ಮತ್ತೇನಂತಾರ? ನಿಮ್ಮಣ್ಣ ನನಗ ಹೊಲದು ಕೊಟ್ಟಾರ. ಕೇಳಿ ತಗೋತೀನಿ."

ಕಾಕಾ ತಲೆ ಮೇಲೆ ಕೈ ಹೊತ್ತು ಕೂತ. ಸುಗ್ಗಿಯಲ್ಲಿ ಗೌಡರ ಕಣದಿಂದ ನಮಗೆ ಬರುವ ಆಯದ ಜೋಳವೇ ವರ್ಷದ ಊಟ. ಅದು ನಿಂತರೆ ಮುಗಿಯಿತು. "ಬಡೀತಾರ ವೈನಿ, ಮನಿಗಿ ಬಂದು ಬಡೀತಾರ," ಎಂದ. ಅವ್ವ ಆ ಚಪ್ಪಲಿಗೆ ತಾನೇ ಎಣ್ಣೆ ಸವರಿ, ಸಂಜೆ ಕೆಲಸದವಳು ಬಂದಾಗ ಅಂಗಳದಲ್ಲಿಟ್ಟಳು. ನನಗೆ ಸಿಟ್ಟು ಬಂದಿತ್ತು. ಕೈಗೆ ಬಂದದ್ದನ್ನು ಯಾರಾದರೂ ಹೀಗೆ ಮರಳಿ ಕಳಿಸುತ್ತಾರೆಯೇ ಎಂದು ಊಟ ಬಿಟ್ಟು ಮಲಗಿದೆ.

ಗೌಡಸಾನಿ ಸೋಮವಾರ ಗುಡಿಗೆ ಹೋಗುವವಳು. ಆ ಸೋಮವಾರ ಅವ್ವ ತನ್ನಲ್ಲಿ ಉಳಿದಿದ್ದ ಗೌಡಸಾನಿಯ ಜೋಡಿಯನ್ನು ಕುಬಸದಲ್ಲಿ ಸುತ್ತಿಕೊಂಡು, ನನ್ನನ್ನು ಕರೆದುಕೊಂಡು, ವಾಡೆಯ ಮುಂದಿನ ಓಣಿಯ ಮಗ್ಗುಲಿಗೆ ನಿಂತಳು. ಮಂದಿ ಓಡಾಡುವ ಹೊತ್ತು. ಗೌಡಸಾನಿ ಕೆಲಸದವಳ ಜೊತೆ ಬಂದಳು. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಅವ್ವ ರೀತಿಯಂತೆ ದೂರದಲ್ಲೇ ನಿಂತು ಬಗ್ಗಿ ಶರಣು ಮಾಡಿದಳು.

"ಎವ್ವಾ, ಒಂದ್ ಮಾತದ್ರಿ. ನಿಮ್ಮ ಕಾಲಾಗ ಅದಾವಲ್ಲ, ಅವು ನನ್ನ ಚಪ್ಪಲ್ರಿ."

ಕೆಲಸದವಳು ಮುಂದೆ ಬಂದಳು. "ನಿನಗ ಖಬರ್ ಅದನೋ ಇಲ್ಲೋ? ಯಾರ ಮುಂದ ಏನ್ ಮಾತಾಡಾಕತ್ತಿ?"

"ಮೀಟಿಂಗಿನ್ಯಾಗ ಬದ್ಲಿ ಆಗ್ಯಾವ್ರಿ. ನಿಮ್ಮವು ಇಲ್ಲಿ ಅದಾವ ನೋಡ್ರಿ." ಅವ್ವ ಗಂಟು ಬಿಚ್ಚಿ ನೆಲದ ಮೇಲೆ ಇಟ್ಟಳು. "ನಿಮ್ಮವು ಪಳಗ್ಯಾವ. ನನ್ನವು ಹೊಸಾವು, ಅದಕ್ಕ ನಿಮಗ ಕಡ್ಯಾಕತ್ಯಾವ."

ಗೌಡಸಾನಿ ನೆಲದ ಮೇಲಿನ ಜೋಡಿ ನೋಡಿದಳು, ತನ್ನ ಕಾಲು ನೋಡಿಕೊಂಡಳು. ಅವಳೇನೂ ದಡ್ಡಿಯಲ್ಲ. ಹೆಬ್ಬೆರಳಿನ ಬೊಬ್ಬೆ ಅವಳಿಗೆ ಎಲ್ಲವನ್ನೂ ಮೊದಲೇ ಹೇಳಿದ್ದಿರಬೇಕು. ಓಣಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ನನಗೆ ಓಡಿಹೋಗಬೇಕೆನಿಸಿತು, ಅವ್ವನ ಸೆರಗು ಹಿಡಿದು ನಿಂತೆ.

"ನೀ ನನ್ನವನ್ನ ಹಾಕ್ಕೊಂಡಿದ್ದಿ?" ಎಂದು ಗೌಡಸಾನಿ ಕೇಳಿದಳು.

ಇಲ್ಲ ಎಂದಿದ್ದರೆ ಸಾಕಿತ್ತು. ಅವ್ವ ಇಲ್ಲ ಎನ್ನಲಿಲ್ಲ. "ಹಾಕ್ಕೊಂಡು ಕಲಬುರಗಿ ತನಕ ಹೋಗಿ ಬಂದೀನ್ರಿ. ಭಾಳ ಮೆತ್ತಗ ಅದಾವ," ಎಂದಳು.

ಈಗ ನೋಡಿ ಶಾಸ್ತ್ರದ ಚಂದ. ಕಾಲಲ್ಲಿದ್ದದ್ದು ಅವ್ವನದು, ಆದ್ದರಿಂದ ಮೈಲಿಗೆ. ನೆಲದ ಮೇಲಿದ್ದದ್ದು ತನ್ನದೇ, ಆದರೆ ಅವ್ವ ಮೆಟ್ಟಿದ್ದು, ಆದ್ದರಿಂದ ಅದೂ ಮೈಲಿಗೆ. ಊರು ನೋಡುತ್ತಿರುವಾಗ ಗೌಡಸಾನಿಗೆ ಬೇರೆ ದಾರಿ ಇರಲಿಲ್ಲ. ಕೆಂಡದ ಮೇಲಿಂದ ಇಳಿದವಳಂತೆ ಚಪ್ಪಲಿಯಿಂದ ಇಳಿದಳು. ವಾಡೆಯ ಮುಂದೆ, ನೆಗ್ಗಿನಮುಳ್ಳಿನ ಮೇಲೆ, ಬರಿಗಾಲಲ್ಲಿ ಗೌಡಸಾನಿ. ಅವಳ ಗಂಡನ ಹಿರಿಯರು ನಮಗೆಂದು ಕಟ್ಟಿದ ಕಟ್ಟಳೆ ಅವಳ ಅಂಗಾಲಿಗೇ ಚುಚ್ಚಿತು. ಕೆಲಸದವಳ ಹೆಗಲು ಹಿಡಿದು, "ಹಾ, ಹಾ," ಎನ್ನುತ್ತ ಅವಳು ಮನೆ ಕಡೆ ಕುಂಟುತ್ತ ಹೋದಳು. ಯಾರೂ ನಗಲಿಲ್ಲ. ನಗಬೇಕೆನಿಸಿದವರೆಲ್ಲ ಕೆಮ್ಮಿದರು.

ಅವ್ವ ತನ್ನ ಚಪ್ಪಲಿಯ ಬಳಿ ಹೋದಳು. ಎತ್ತಿಕೊಂಡು ಕೈಯಲ್ಲಿ ಹಿಡಿದು ಹೊರಡುತ್ತಾಳೆ ಎಂದೇ ನಾನು ತಿಳಿದಿದ್ದೆ. ಅವಳು ಎತ್ತಲಿಲ್ಲ, ಕಾಲು ತೂರಿಸಿದಳು. ವಾಡೆಯ ಬಾಗಿಲ ಮುಂದೆ, ಎಲ್ಲರ ಎದುರು, ಮೆಟ್ಟಿಕೊಂಡು ನಮ್ಮ ಓಣಿಯ ತನಕ ನಡೆದಳು. ನಾನು ಹಿಂದೆ ಹಿಂದೆ ನಡೆದೆ. ಗೌಡಸಾನಿಯ ಹಳೆಯ ಜೋಡಿಯನ್ನು ಮುಟ್ಟುವವರಿಲ್ಲದೆ ಅದು ಓಣಿಯ ನಡುವೆಯೇ ಬಿದ್ದಿತ್ತು. ಸಂಜೆ ಒಂದು ನಾಯಿ ಅದರಲ್ಲೊಂದನ್ನು ಕಚ್ಚಿಕೊಂಡು ಹೋಯಿತಂತೆ.

ಆ ದಿನ ರಾತ್ರಿ ಗೌಡ ಆಳು ಕಳಿಸಿ, ಈ ಸುಗ್ಗಿಗೆ ಆಯ ಇಲ್ಲ, ಕಣದ ಹತ್ತಿರ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದು ಹೇಳಿಸಿದ. ಕಾಕಾ ಅವ್ವನ ಜೊತೆ ಮಾತು ಬಿಟ್ಟ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೂ ಹೆದರಿಕೆ ಇತ್ತು, ಅಂದು ಬಡಿದ ರೊಟ್ಟಿಯೆಲ್ಲ ಅಂಚಿನಲ್ಲಿ ಹರಿಯುತ್ತಿದ್ದವು. ಆದರೆ ಒಂದು ಮಾತು ಗೌಡನಿಗೆ ಹೊಳೆದಿರಲಿಲ್ಲ. ಓಣಿಯ ಉಳಿದ ಮನೆಯವರು ತೊಗಲು ಹದ ಮಾಡುವವರು, ಊರಲ್ಲಿ ಚಪ್ಪಲಿ ಹೊಲಿಯುವ ಮನೆ ನಮ್ಮದೊಂದೇ. ಫರೋ ಎಷ್ಟು ಎತ್ತರಕ್ಕೆ ಕೂತರೂ ನಡೆಯಬೇಕಾದರೆ ನೆಲಕ್ಕೆ ಇಳಿಯಲೇಬೇಕು. ನಾನು ಕಲಬುರಗಿಗೆ ಮರಳುವ ಮೊದಲೇ ಗೌಡರ ಮನೆಯ ಕೆಲಸದವಳು ಓಣಿಯಲ್ಲಿ ಕಾಣಿಸಿಕೊಂಡಳು. ಯಾರ ಮುಖವನ್ನೂ ನೋಡದೆ, ಹೊಲದಿಂದ ಕಿತ್ತ ಒಂದು ಹಸಿ ಜೋಳದ ದಂಟನ್ನು ಅಂಗಳಕ್ಕೆ ಎಸೆದು, "ಲಗೂನ ಬೇಕಂತ. ಆಯ ಮೊದ್ಲಿನಂಗ ಒಯ್ರಿ ಅಂತ ಹೇಳ್ಯಾರ," ಎಂದು ಹೋದಳು.

ಕಾಕಾ ಅಂದೇ ತೊಗಲು ನೆನೆಹಾಕಿದ. ಬಾರು ಕೂರಿಸುವ ಹೊತ್ತಿಗೆ ಅವನ ಕೈ ನಿಂತಿತು. ಮಾತು ಬಿಟ್ಟವನು ಕೆಮ್ಮಿ, ನೆಲ ನೋಡುತ್ತ, "ವೈನಿ, ಕಾಲು ಕೊಡ್ರಿ," ಎಂದ.

ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದು ಮೆಟ್ಟಿದಳು. ಒಲೆಯಿಂದ ಬಾಗಿಲ ತನಕ ನಡೆದಳು. ಅವತ್ತು ಬಾಗಿಲಲ್ಲಿ ತಿರುಗಲಿಲ್ಲ. ಹೊಸ್ತಿಲು ದಾಟಿ, ಅಂಗಳ ದಾಟಿ, ಓಣಿಯ ಹೆಂಗಸರೆಲ್ಲ ಮುಂಬಾಗಿಲಿಗೆ ಬಂದು ನೋಡುತ್ತಿರುವಾಗ ಬೇವಿನ ಗಿಡದ ತನಕ ಹೋಗಿ, ಅಲ್ಲಿ ಸ್ವಲ್ಪ ನಿಂತು, ಸಾವಕಾಶವಾಗಿ ಮರಳಿ ಬಂದಳು. ಬಿಚ್ಚಿ ಕಾಕಾನ ಮುಂದಿಟ್ಟಳು.

"ಉಂಗುಟ ಬಿಗಿ ಅದ. ಸಡ್ಲ ಮಾಡು," ಎಂದಳು. "ಪಾಪ, ಮತ್ತ ಕಡದೀತು ಆಕಿಗಿ."